ಜಾಲವಿಳಾಸ ಮತ್ತು ಆಜ್ಞಾವಾಕ್ಯ: ಶಿಕ್ಷಕರಿಗೊಂದು ಪಾಠ

ಲೋಕವ್ಯವಹಾರವು ಮಾತಿನಿಂದ ನಡೆಯುವುದು ನಿಜ. ಆದರೆ ಆ ಮಾತು ಸಲ್ಲಬೇಕಾದವರಿಗೆ ಸಲ್ಲುವುದು ವಿಳಾಸದಿಂದ. ವಿಳಾಸ ತಪ್ಪಿದ ಪತ್ರದಲ್ಲಿ ಎಂಥ ಶುಭವಾರ್ತೆಯಿದ್ದರೂ ಅದು ಟಪಾಲು ಚೀಲದಲ್ಲಿಯೇ ಊರೂರು ಸುತ್ತುತ್ತಿರುತ್ತದೆ. ಕಾಗದದ ಪತ್ರಕ್ಕೆ ಸಲ್ಲುವ ಈ ನಿಯಮವು ಇಂದಿನ ಗಣಕಯಂತ್ರಕ್ಕೂ ಅಷ್ಟೇ ಸಲ್ಲುತ್ತದೆ. ಶಾಲೆಯ ಕೊಠಡಿಯಲ್ಲಿರುವ ಲ್ಯಾಪ್‌ಟಾಪ್ ಅಂತರ್ಜಾಲದಿಂದ ಒಂದು ಪಾಠವನ್ನಾಗಲಿ ಇಲಾಖೆಯ ಸುತ್ತೋಲೆಯನ್ನಾಗಲಿ ತರಿಸಿಕೊಳ್ಳಬೇಕಾದರೆ ಅದಕ್ಕೆ ತನ್ನದೇ ಆದ ವಿಳಾಸವಿರಬೇಕು. ಆ ವಿಳಾಸವು ಅದು ಸೇರಿಕೊಂಡಿರುವ ಜಾಲಕ್ಕೆ ಒಪ್ಪುವಂತಿರಬೇಕು.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಕಚೇರಿಗಳಲ್ಲಿ ಬಳಸಿದ ಲ್ಯಾಪ್‌ಟಾಪುಗಳನ್ನು ಗ್ರಾಮಾಂತರ ಶಾಲೆಗಳಿಗೆ ಪ್ರೀತಿಯಿಂದ ಕೊಡುವುದುಂಟು. ಅಂಥ ಯಂತ್ರವನ್ನು ಶಾಲೆಯ ಜಾಲಕ್ಕೆ ಜೋಡಿಸಿದಾಗ ಅದು ಕೆಲವೊಮ್ಮೆ ಮೂಕವಾಗಿ ಕುಳಿತುಬಿಡುತ್ತದೆ. ಯಂತ್ರವೇನೂ ಕೆಟ್ಟಿರುವುದಿಲ್ಲ, ಹಳೆಯ ಕಚೇರಿಯ ವಿಳಾಸವು ಅದರೊಳಗೆ ಹಾಗೆಯೇ ಉಳಿದಿರುತ್ತದೆ, ಅಷ್ಟೆ. ಇದನ್ನರಿಯದೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ, ತಂತ್ರಜ್ಞರು ಬರುವವರೆಗೆ ಅದನ್ನು ಕಪಾಟಿನಲ್ಲಿಟ್ಟರೆ, ದಾನವೂ ನಿಷ್ಫಲ, ಮಕ್ಕಳ ಪಾಠವೂ ನಷ್ಟ. ಒಂದೆರಡು ಸಾಲಿನ ಆಜ್ಞೆಯಿಂದ ಪರಿಹಾರವಾಗತಕ್ಕ ದೋಷವಿದು. ಆ ಆಜ್ಞೆಯನ್ನು ಬರೆಯುವುದು ತಂತ್ರಜ್ಞರಿಗಷ್ಟೇ ಮೀಸಲಾದ ವಿದ್ಯೆಯಲ್ಲ. ವಾಕ್ಯವೆಂದರೆ ಏನೆಂಬುದನ್ನು ಬಲ್ಲ ಯಾವ ಶಿಕ್ಷಕರಿಗೂ ಅದು ಸಾಧ್ಯ. ಇದನ್ನು ತೋರಿಸಿಕೊಡುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಹೆಸರು ಮತ್ತು ನೆಲೆ

ಹೆಸರು ಬೇರೆ, ನೆಲೆಯನ್ನು ಸೂಚಿಸುವ ಅಂಕೆ ಬೇರೆ ಎಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನಗಳುಂಟು. 2014ರ ನವೆಂಬರ್ 1ರಂದು ಬಿಜಾಪುರವು ಅಧಿಕೃತವಾಗಿ ವಿಜಯಪುರವಾಯಿತು. ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟೆಯು 2018ರಲ್ಲಿ ಪ್ರತ್ಯೇಕ ತಾಲೂಕಾಯಿತು. ಲಕೋಟೆಯ ಮೇಲೆ ಬರೆಯುವ ಹೆಸರುಗಳು ಹೀಗೆ ಬದಲಾದರೂ ಮುದ್ದೇಬಿಹಾಳದ 586212, ತಾಳಿಕೋಟೆಯ 586214 ಎಂಬ ಪಿನ್ ಕೋಡ್ ಅಂಕೆಗಳು ಬದಲಾಗಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಕೃಷ್ಣಾತೀರದಲ್ಲಿ ಕಾಣಬಹುದು. ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಗ್ರಾಮಗಳ ಜನರು ಪುನರ್ವಸತಿ ಕೇಂದ್ರಗಳಿಗೆ ಬಂದಾಗ ಊರಿನ ಹಳೆಯ ಹೆಸರನ್ನು ತಮ್ಮೊಡನೆ ತಂದರು. ಅಲ್ಲಿ ಹೆಸರು ಉಳಿಯಿತು, ನೆಲೆ ಬದಲಾಯಿತು.

ಪಿನ್ ಕೋಡ್ ಪದ್ಧತಿಯು 1972ರ ಆಗಸ್ಟ್ 15ರಂದು ಭಾರತದಲ್ಲಿ ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಕೇಂದ್ರ ಸರಕಾರದ ಸಂಪರ್ಕ ಖಾತೆಯ ಹಿರಿಯ ಅಧಿಕಾರಿಗಳು. ಜೊತೆಗೆ ಸಂಸ್ಕೃತ ಕವಿಗಳು ಎಂಬುದು ಭಾಷಾಶಿಕ್ಷಕರಿಗೆ ಹರ್ಷದ ಸಂಗತಿ. ಆರು ಅಂಕೆಗಳಲ್ಲಿ ಮೊದಲನೆಯ 5 ಎಂಬುದು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳನ್ನೊಳಗೊಂಡ ವಲಯ. ಮೊದಲ ಮೂರು ಸೇರಿದ 586 ಎಂಬುದು ವಿಜಯಪುರದ ವಿಂಗಡಣಾ ವಿಭಾಗ. ಕೊನೆಯ ಮೂರು ಅಂಕೆಗಳು ಬಟವಾಡೆ ಮಾಡುವ ಅಂಚೆ ಕಚೇರಿ. ಎಡದಿಂದ ಬಲಕ್ಕೆ ಬಂದಂತೆ ಸಾಮಾನ್ಯದಿಂದ ವಿಶೇಷಕ್ಕೆ ಇಳಿಯುವ ಈ ಕ್ರಮವೇ ಗಣಕಯಂತ್ರದ ವಿಳಾಸದಲ್ಲಿಯೂ ಇದೆ.

ಅಂತರ್ಜಾಲದಲ್ಲಿ ಮನುಷ್ಯರು ನೆನಪಿಡುವುದು ಹೆಸರನ್ನು. ಯಂತ್ರಗಳು ಬಳಸುವುದು ಅಂಕೆಯನ್ನು. ಹೆಸರನ್ನು ಕೊಟ್ಟರೆ ಅಂಕೆಯನ್ನು ಹುಡುಕಿಕೊಡುವ ಡಿ.ಎನ್.ಎಸ್. ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ರೂಪಿಸಿದರು. ಅದನ್ನು ಜಾಲದ ನಿಘಂಟು ಎನ್ನಬಹುದು. ಇದಲ್ಲದೆ ಲ್ಯಾಪ್‌ಟಾಪಿನ ಜಾಲಸಂಪರ್ಕ ಭಾಗಕ್ಕೆ ಕಾರ್ಖಾನೆಯಲ್ಲಿಯೇ ಕೊಟ್ಟ ಮ್ಯಾಕ್ ವಿಳಾಸವೆಂಬ ಒಂದು ಗುರುತು ಇರುತ್ತದೆ. ಇದು ಜನ್ಮನಾಮದಂತೆ, ಯಂತ್ರ ಎಲ್ಲಿಗೆ ಹೋದರೂ ಜೊತೆಯಲ್ಲಿಯೇ ಇರುವಂಥದು. ಊರು ಬಿಟ್ಟು ಊರಿಗೆ ಹೋದಾಗ ಬದಲಾಗಬೇಕಾದದ್ದು ಐ.ಪಿ. ವಿಳಾಸ. ಈ ಲೇಖನಕ್ಕೆ ಪ್ರಸ್ತುತವಾದದ್ದು ಅದೇ.

2. ಅನುಷ್ಟುಪ್ಪಿನ ಅಳತೆಯ ಅಂಕೆ

ಐ.ಪಿ. ವಿಳಾಸವು 192.168.1.25 ಎಂಬ ರೂಪದಲ್ಲಿರುತ್ತದೆ. ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಭಾಗಗಳು; ಪ್ರತಿಯೊಂದು ಭಾಗದಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ. ಈ ರೂಪವು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯಿಂದ ಬಂದುದು. 1983ರ ಜನವರಿ 1ರಂದು ಅಮೆರಿಕೆಯ ಆರ್ಪಾನೆಟ್ ಜಾಲವು ಈ ಪದ್ಧತಿಯನ್ನು ಕೈಕೊಂಡಿತು. ಭಾರತದ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

255ಕ್ಕೇ ಏಕೆ ನಿಲ್ಲಬೇಕು ಎಂಬ ಪ್ರಶ್ನೆಗೆ ಛಂದಸ್ಸನ್ನು ಬಲ್ಲವರು ಸುಲಭವಾಗಿ ಉತ್ತರ ಕಂಡುಕೊಳ್ಳಬಲ್ಲರು. ಛಂದಸ್ಸಿನಲ್ಲಿ ಲಘು, ಗುರು ಎಂಬ ಎರಡೇ ಚಿಹ್ನೆಗಳಿರುವಂತೆ ಯಂತ್ರಕ್ಕೆ 0 ಮತ್ತು 1 ಎಂಬ ಎರಡೇ ಚಿಹ್ನೆಗಳು. ಪ್ರಸ್ತಾರ ಮಾಡಿದರೆ ಒಂದು ಅಕ್ಷರಕ್ಕೆ 2 ರೂಪ, ಎರಡಕ್ಕೆ 4, ಮೂರಕ್ಕೆ 8. ಈ ಎಂಟೇ ಯಗಣ, ಮಗಣ ಮೊದಲಾದ ಅಷ್ಟಗಣಗಳು. ಹೀಗೆ ಇಮ್ಮಡಿಸುತ್ತ ಹೋದರೆ ಎಂಟು ಅಕ್ಷರಗಳಿಗೆ 256 ರೂಪಗಳಾಗುತ್ತವೆ. ಸೊನ್ನೆಯಿಂದ ಎಣಿಸಿದಾಗ ಕೊನೆಯದು 255. ವಿಳಾಸದ ಪ್ರತಿಯೊಂದು ಭಾಗವೂ ಇಂಥ ಎಂಟು ಸ್ಥಾನಗಳ ಒಂದು ಪಾದ. ಪಾದಕ್ಕೆ ಎಂಟರಂತೆ ನಾಲ್ಕು ಪಾದ, ಒಟ್ಟು ಮೂವತ್ತೆರಡು ಸ್ಥಾನ: ಅಳತೆಯಲ್ಲಿ ಇದು ಒಂದು ಅನುಷ್ಟುಪ್ ಶ್ಲೋಕ. ಪ್ರಾಚೀನರು ಗಣಕಯಂತ್ರವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಲಾಗದು. ಎರಡು ಚಿಹ್ನೆಗಳನ್ನು ಸ್ಥಾನಗಳಲ್ಲಿ ಜೋಡಿಸುವ ಗಣಿತ ಎಲ್ಲಿಯೂ ಒಂದೇ ಎಂಬುದಷ್ಟೇ ಇದರ ತಾತ್ಪರ್ಯ. ಆದರೂ ತರಗತಿಯಲ್ಲಿ ಇದು ಒಳ್ಳೆಯ ಸೋಪಾನವಾಗಬಲ್ಲದು.

ಎಂಟು ಸ್ಥಾನಗಳ ಬೆಲೆ ಎಡದಿಂದ ಕ್ರಮವಾಗಿ 128, 64, 32, 16, 8, 4, 2, 1. ಗುರು ಬಿದ್ದ ಸ್ಥಾನದ ಬೆಲೆಯನ್ನು ಕೂಡಿಸತಕ್ಕದ್ದು, ಲಘು ಬಿದ್ದಲ್ಲಿ ಬಿಡತಕ್ಕದ್ದು. 192 ಎಂದರೆ 128, 64 ಕೂಡಿದ್ದು. ಮೊದಲೆರಡು ಗುರು, ಉಳಿದಾರು ಲಘು. 168 ಎಂದರೆ 128, 32, 8. 25 ಎಂದರೆ 16, 8, 1. ಎಂಟೂ ಗುರುವಾದರೆ 255, ಎಂಟೂ ಲಘುವಾದರೆ 0.

ಮೂವತ್ತೆರಡು ಸ್ಥಾನಗಳಿಂದ ದೊರೆಯುವ ರೂಪಗಳು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296. ಅಪಾರವೆಂದು ತೋರಿದ ಈ ಭಂಡಾರವೂ ಬರಿದಾಯಿತು. 2011ರ ಫೆಬ್ರವರಿ 3ರಂದು ಜಾಗತಿಕ ಕೇಂದ್ರದಲ್ಲಿದ್ದ ಕೊನೆಯ ವಿಳಾಸ ಸಮೂಹಗಳ ಹಂಚಿಕೆ ಮುಗಿಯಿತು. ಇದನ್ನು ಮುಂಗಂಡು ರೂಪಿಸಿದ ಆರನೆಯ ಆವೃತ್ತಿಯ ವಿಳಾಸದಲ್ಲಿ 128 ಸ್ಥಾನಗಳಿವೆ. ಅಂದರೆ ನಾಲ್ಕು ಶ್ಲೋಕಗಳ ಅಳತೆ. ಶಾಲೆ, ಮನೆಗಳ ಒಳಜಾಲದಲ್ಲಿ ಹಳೆಯ ರೂಪವೇ ಇನ್ನೂ ರೂಢಿಯಲ್ಲಿದೆ. ಒಳಜಾಲಗಳಿಗಾಗಿಯೇ ಕೆಲವು ವಿಳಾಸಗಳನ್ನು 1996ರ ನಿಯಮವು ಮೀಸಲಿಟ್ಟಿದೆ. 192.168 ಎಂದು ಪ್ರಾರಂಭವಾಗುವವು, 10 ಎಂದು ಪ್ರಾರಂಭವಾಗುವವು, 172.16ರಿಂದ 172.31ರವರೆಗಿನವು, ಈ ಮೂರು ವರ್ಗಗಳು ಹಾಗೆ ಮೀಸಲಾದವು. ‘ಹನುಮಂತ ದೇವರ ಗುಡಿಯ ಓಣಿ, ಮನೆ 25’ ಎಂಬುದು ಹತ್ತೂರುಗಳಲ್ಲಿ ಇದ್ದರೂ ಒಂದಕ್ಕೊಂದು ಬಾಧಕವಾಗದಂತೆ, ಈ ವಿಳಾಸಗಳು ಬೇರೆ ಬೇರೆ ಶಾಲೆಗಳಲ್ಲಿ ಏಕಕಾಲಕ್ಕೆ ಇರಬಹುದು. ಒಂದೇ ಊರಿನಲ್ಲಿ ಮಾತ್ರ ಎರಡಿರಬಾರದು.

3. ಓಣಿ, ಮನೆ ಮತ್ತು ಅಗಸಿ

ವಿಳಾಸದ ಯಾವ ಭಾಗ ಓಣಿಯನ್ನು ಸೂಚಿಸುತ್ತದೆ, ಯಾವ ಭಾಗ ಮನೆಯನ್ನು ಸೂಚಿಸುತ್ತದೆ ಎಂಬುದನ್ನು ತಿಳಿಸುವುದು ಸಬ್‌ನೆಟ್ ಮಾಸ್ಕ್. ಅದರ ಸಾಮಾನ್ಯ ರೂಪ 255.255.255.0. ಮೊದಲ ಮೂರು ಪಾದಗಳಲ್ಲಿ ಎಲ್ಲವೂ ಗುರು, ಕೊನೆಯ ಪಾದದಲ್ಲಿ ಎಲ್ಲವೂ ಲಘು. ಗುರುವಿರುವಲ್ಲಿ ಓಣಿ, ಲಘುವಿರುವಲ್ಲಿ ಮನೆ ಎಂದು ಅರ್ಥೈಸತಕ್ಕದ್ದು. ಇಪ್ಪತ್ತನಾಲ್ಕು ಗುರುಗಳಿರುವುದರಿಂದ ಇದನ್ನೇ ಸಂಕ್ಷೇಪವಾಗಿ /24 ಎಂದು ಬರೆಯುವ ರೂಢಿಯೂ ಉಂಟು. 192.168.1.25 ಎಂಬುದು 192.168.1 ಎಂಬ ಓಣಿಯಲ್ಲಿ 25ನೆಯ ಮನೆ. ಈ ಓಣಿಯಲ್ಲಿ 1ರಿಂದ 254ರವರೆಗೆ ಮನೆಗಳಿರಬಹುದು. 0 ಓಣಿಯನ್ನೇ ಸೂಚಿಸುವುದು, 255 ಓಣಿಯವರೆಲ್ಲರನ್ನೂ ಒಟ್ಟಿಗೆ ಕರೆಯುವುದು.

ಓಣಿಯೊಳಗಿನ ಮಾತು ನೇರವಾಗಿ ಸಲ್ಲುತ್ತದೆ. ಊರ ಹೊರಗೆ ಹೋಗಬೇಕಾದ ಮಾತು ಅಗಸಿಯನ್ನು ದಾಟಬೇಕು. ಆ ಅಗಸಿಯೇ ಗೇಟ್‌ವೇ. ಸಾಮಾನ್ಯವಾಗಿ ಅದು ಶಾಲೆಯ ರೂಟರ್ ಎಂಬ ಪೆಟ್ಟಿಗೆ. ಅದರ ವಿಳಾಸ 192.168.1.1 ಎಂದಿಟ್ಟುಕೊಳ್ಳಬಹುದು. ಅಗಸಿ ತನ್ನ ಊರಲ್ಲಿಯೇ ಇರಬೇಕಲ್ಲದೆ ಮತ್ತೊಂದು ಊರಲ್ಲಿರಲಾಗದು. ದಾನವಾಗಿ ಬಂದ ಲ್ಯಾಪ್‌ಟಾಪಿನಲ್ಲಿ 10.20.5.40 ಎಂಬ ಹಳೆಯ ವಿಳಾಸವೂ 10.20.5.1 ಎಂಬ ಹಳೆಯ ಅಗಸಿಯೂ ಉಳಿದಿದ್ದರೆ, ಅದು ಇಲ್ಲಿ ಕುಳಿತು ಅಲ್ಲಿನ ಅಗಸಿಯನ್ನು ಹುಡುಕುತ್ತಿರುತ್ತದೆ. ಅದರ ಮೌನಕ್ಕೆ ಇದೇ ಕಾರಣ.

4. ಸ್ಥಿರ ವಿಳಾಸ, ತಾತ್ಕಾಲಿಕ ವಿಳಾಸ

ವಿಳಾಸವು ಎರಡು ವಿಧದಲ್ಲಿ ದೊರೆಯುತ್ತದೆ. ಮನುಷ್ಯರೇ ಬರೆದಿಟ್ಟದ್ದು ಸ್ಥಿರ ವಿಳಾಸ. ಜಾಲವೇ ಹಂಚುವುದು ತಾತ್ಕಾಲಿಕ ವಿಳಾಸ. ಹೀಗೆ ಹಂಚುವ ವ್ಯವಸ್ಥೆಗೆ ಡಿ.ಎಚ್.ಸಿ.ಪಿ. ಎಂದು ಹೆಸರು. ಅದರ ಮೊದಲ ನಿಯಮಾವಳಿ 1993ರಲ್ಲಿ ಬಂದಿತು. ಮಠದ ಯಾತ್ರಿನಿವಾಸಕ್ಕೆ ಬಂದವರಿಗೆ ವ್ಯವಸ್ಥಾಪಕರು ಖಾಲಿಯಿರುವ ಕೋಣೆಯನ್ನು ನೋಡಿ, ಇಷ್ಟು ದಿನಕ್ಕೆಂದು ಬರೆದುಕೊಂಡು ಕೊಡುವಂತೆ, ರೂಟರು ಬಂದ ಯಂತ್ರಕ್ಕೆ ಒಂದು ವಿಳಾಸವನ್ನು ಅವಧಿಯೊಡನೆ ಕೊಡುತ್ತದೆ. ಅವಧಿ ತೀರಿದರೆ ನವೀಕರಿಸುತ್ತದೆ, ಇಲ್ಲವೆ ಬೇರೆಯವರಿಗೆ ಕೊಡುತ್ತದೆ.

ಮನೆಗೂ ಶಾಲೆಗೂ ಓಡಾಡುವ ಲ್ಯಾಪ್‌ಟಾಪಿಗೆ ತಾತ್ಕಾಲಿಕ ವಿಳಾಸವೇ ಲೇಸು. ಎಲ್ಲರೂ ಹುಡುಕಿಕೊಂಡು ಬರಬೇಕಾದ ಮುದ್ರಣಯಂತ್ರಕ್ಕೂ ಪಾಠಗಳನ್ನು ಸಂಗ್ರಹಿಸಿಟ್ಟ ಮುಖ್ಯ ಗಣಕಕ್ಕೂ ಸ್ಥಿರ ವಿಳಾಸವು ಉಚಿತ. ಸ್ಥಿರ ವಿಳಾಸವನ್ನು ಕೊಡುವಾಗ ರೂಟರು ಹಂಚಲೆಂದು ಇಟ್ಟುಕೊಂಡ ಸಂಖ್ಯೆಗಳ ಹೊರಗಿನದನ್ನೇ ಆರಿಸತಕ್ಕದ್ದು. ಇಲ್ಲವಾದರೆ ಒಂದೇ ಕೋಣೆಯನ್ನು ಇಬ್ಬರಿಗೆ ಕೊಟ್ಟಂತಾಗುತ್ತದೆ.

5. ಆಜ್ಞಾವಾಕ್ಯದ ವ್ಯಾಕರಣ

ಪರದೆಯ ಮೇಲಿನ ಚಿತ್ರಗಳನ್ನು ಒತ್ತಿಯೂ ಈ ಬದಲಾವಣೆಯನ್ನು ಮಾಡಬಹುದು. ಆದರೆ ಚಿತ್ರಗಳ ಸ್ಥಾನ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಆಜ್ಞಾವಾಕ್ಯವನ್ನಾದರೋ ಪುಸ್ತಕದಲ್ಲಿ ಬರೆದಿಡಬಹುದು, ದೂರವಾಣಿಯಲ್ಲಿ ಓದಿ ಹೇಳಬಹುದು, ವರ್ಗವಾಗಿ ಹೋಗುವ ಶಿಕ್ಷಕರು ಮುಂದೆ ಬರುವವರಿಗೆ ಒಪ್ಪಿಸಿ ಹೋಗಬಹುದು. ಅದು ಭಾಷೆ, ಭಾಷೆಯಾದುದರಿಂದ ಕಲಿಸಲು ಬರುತ್ತದೆ.

ಇಲ್ಲಿ ಆಜ್ಞಾಪದಗಳನ್ನು ಉಚ್ಚಾರಣೆಗನುಸಾರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತತಕ್ಕದ್ದು. ವಿಂಡೋಸ್ ವ್ಯವಸ್ಥೆಯಲ್ಲಿ ಸ್ಥಿರ ವಿಳಾಸವನ್ನು ಕೊಡುವ ವಾಕ್ಯ ಹೀಗಿದೆ:

ನೆಟ್‌ಶ್ ಇಂಟರ್‌ಫೇಸ್ ಐಪಿ ಸೆಟ್ ಅಡ್ರೆಸ್ "ವೈ-ಫೈ" ಸ್ಟ್ಯಾಟಿಕ್ 192.168.1.25 255.255.255.0 192.168.1.1

‘ನೆಟ್‌ಶ್’ ಎಂಬುದು ‘ನೆಟ್’ ಎಂಬುದಕ್ಕೆ ‘ಶೆಲ್’ ಪದದ ಎಸ್, ಎಚ್ ಎಂಬ ಮೊದಲೆರಡು ಅಕ್ಷರಗಳು ಕೂಡಿ ಆದ ಪದ. ವಾಕ್ಯದ ಮೊದಲ ಮೂರು ಪದಗಳು ವಿಷಯದ ವ್ಯಾಪ್ತಿಯನ್ನು ನಿರ್ದೇಶಿಸುತ್ತವೆ. ವ್ಯಾಕರಣದ ಪರಿಭಾಷೆಯಲ್ಲಿ ಇವು ಅಧಿಕಾರ. ಪಾಣಿನಿಯ ಅಧಿಕಾರಸೂತ್ರವು ಮುಂದಿನ ಸೂತ್ರಗಳಿಗೆಲ್ಲ ಅನುವೃತ್ತಿಯಾಗುವಂತೆ, ‘ನೆಟ್‌ಶ್’ ಎಂದು ಒಮ್ಮೆ ಒಳಹೊಕ್ಕು, ಬಳಿಕ ‘ಇಂಟರ್‌ಫೇಸ್ ಐಪಿ’ ಎಂದು ಕೊಟ್ಟರೆ, ಹೊರಬರುವವರೆಗೂ ಆ ಪದಗಳನ್ನು ಪುನಃ ಹೇಳಬೇಕಾದುದಿಲ್ಲ. ‘ಸೆಟ್’ ಎಂಬುದು ಕ್ರಿಯಾಪದ, ವಿಧ್ಯರ್ಥದ್ದು: ‘ಇಡು’. ‘ಅಡ್ರೆಸ್’ ಕರ್ಮ: ಏನನ್ನು? ವಿಳಾಸವನ್ನು. "ವೈ-ಫೈ" ಅಧಿಕರಣ: ಎಲ್ಲಿ? ನಿಸ್ತಂತು ಸಂಪರ್ಕದಲ್ಲಿ. ‘ಸ್ಟ್ಯಾಟಿಕ್’ ಕ್ರಿಯಾವಿಶೇಷಣ: ಹೇಗೆ? ಸ್ಥಿರವಾಗಿ. ಕೊನೆಯ ಮೂರು ಸಂಖ್ಯೆಗಳು ಕ್ರಮವಾಗಿ ವಿಳಾಸ, ಮಾಸ್ಕ್, ಅಗಸಿ.

ಈ ಮೂರು ಸಂಖ್ಯೆಗಳಿಗೆ ವಿಭಕ್ತಿಯಿಲ್ಲ ಎಂಬುದನ್ನು ಗಮನಿಸಬೇಕು. ಕನ್ನಡದಲ್ಲಿ ‘ಶಿಕ್ಷಕರು ಬಾಲಕನಿಗೆ ಪುಸ್ತಕವನ್ನು ಕೊಟ್ಟರು’ ಎಂಬುದರ ಪದಗಳನ್ನು ಹಿಂದುಮುಂದು ಮಾಡಿದರೂ ಪ್ರತ್ಯಯಗಳಿರುವುದರಿಂದ ಅರ್ಥ ಕೆಡದು. ಇಲ್ಲಿ ಪ್ರತ್ಯಯವಿಲ್ಲದ ಕಾರಣ ಸ್ಥಾನವೇ ಕಾರಕವನ್ನು ನಿರ್ಣಯಿಸುತ್ತದೆ. ವಿಳಾಸವನ್ನೂ ಅಗಸಿಯನ್ನೂ ಅದಲುಬದಲು ಮಾಡಿದರೆ ಅರ್ಥವೂ ಅದಲುಬದಲಾಗುತ್ತದೆ. ಸಂಖ್ಯೆಗಳ ಹಿಂದೆ ‘ಅಡ್ರೆಸ್=’, ‘ಮಾಸ್ಕ್=’, ‘ಗೇಟ್‌ವೇ=’ ಎಂದು ಸ್ಪಷ್ಟವಾಗಿ ಬರೆಯುವ ಕ್ರಮವೂ ಉಂಟು. ಇವು ವಿಭಕ್ತಿಪ್ರತ್ಯಯಗಳ ಕೆಲಸವನ್ನೇ ಮಾಡುತ್ತವೆ. ಹೊಸಬರಿಗೆ ಈ ಕ್ರಮವೇ ಕ್ಷೇಮಕರ.

ಲಿನಕ್ಸ್ ವ್ಯವಸ್ಥೆಯ ವಾಕ್ಯದಲ್ಲಿ ವಿಭಕ್ತಿಯ ಛಾಯೆ ಇನ್ನೂ ಸ್ಪಷ್ಟ. ‘ಐಪಿ ಅಡ್ರೆಸ್ ಆಡ್ 192.168.1.25/24 ಡೆವ್’ ಎಂದು ಬರೆದು ಮುಂದೆ ಸಂಪರ್ಕದ ಹೆಸರನ್ನು ಕೊಡುವಲ್ಲಿ, ‘ಡಿವೈಸ್’ ಪದದ ಮೊದಲ ಮೂರಕ್ಷರಗಳಾದ ‘ಡೆವ್’ ಎಂಬುದು ಸಪ್ತಮಿಯಂತಿದೆ. ‘ಐಪಿ ರೂಟ್ ಆಡ್ ಡಿಫಾಲ್ಟ್ ವಯಾ 192.168.1.1’ ಎಂಬಲ್ಲಿ ‘ವಯಾ’ ತೃತೀಯೆ: ಹೊರಗಿನ ಮಾತೆಲ್ಲ ಈ ಅಗಸಿಯ ಮೂಲಕ ಹೋಗಲಿ ಎಂದರ್ಥ. ಗಣಕಭಾಷೆಗಳ ವ್ಯಾಕರಣವನ್ನು ಬರೆಯಲು ಬಳಸುವ ಬ್ಯಾಕಸ್ ಪದ್ಧತಿಗೆ ‘ಪಾಣಿನಿ-ಬ್ಯಾಕಸ್’ ಎಂಬ ಹೆಸರು ಉಚಿತವೆಂದು ಪೀಟರ್ ಇಂಗರ್‌ಮನ್ ಅವರು 1967ರಲ್ಲಿಯೇ ಸೂಚಿಸಿದ್ದರು. ಆದುದರಿಂದ ಇಲ್ಲಿ ವ್ಯಾಕರಣದ ಪರಿಭಾಷೆಯನ್ನು ಬಳಸಿದ್ದು ಬಲಾತ್ಕಾರದ ಹೋಲಿಕೆಯಲ್ಲ.

6. ಪ್ರಯೋಗಕ್ರಮ

ಮೊದಲನೆಯದು, ಇರುವುದನ್ನು ಬರೆದುಕೊಳ್ಳುವುದು. ಕಮಾಂಡ್ ಪ್ರಾಂಪ್ಟನ್ನು ತೆರೆದು ‘ಐಪಿಕಾನ್ಫಿಗ್ /ಆಲ್’ ಎಂಬ ಆಜ್ಞೆಯನ್ನು ಕೊಡತಕ್ಕದ್ದು. ‘ಐಪಿ’ ಮತ್ತು ‘ಕಾನ್ಫಿಗ್’ ನಡುವೆ ತೆರಪಿಲ್ಲ. ಓರೆಗೆರೆಯ ಮೊದಲು ತೆರಪುಂಟು. ಪರದೆಯಲ್ಲಿ ಸಂಪರ್ಕದ ಹೆಸರು, ವಿಳಾಸ, ಮಾಸ್ಕ್, ಗೇಟ್‌ವೇ, ಡಿ.ಎನ್.ಎಸ್. ಹಾಗೂ ಡಿ.ಎಚ್.ಸಿ.ಪಿ. ಇದೆಯೋ ಇಲ್ಲವೋ ಎಂಬುದು ಕಾಣುತ್ತದೆ. ಇವನ್ನೆಲ್ಲ ಪುಸ್ತಕದಲ್ಲಿ ದಿನಾಂಕದೊಡನೆ ಬರೆದುಕೊಳ್ಳುವವರೆಗೆ ಏನನ್ನೂ ಬದಲಿಸಬಾರದು. ಹಿಂದಿರುಗುವ ದಾರಿ ತಿಳಿದವನೇ ಮುಂದಡಿಯಿಡಲು ಅರ್ಹ.

ಎರಡನೆಯದು, ಅಧಿಕಾರ. ನೋಡುವುದಕ್ಕೆ ಯಾರಿಗೂ ಅಡ್ಡಿಯಿಲ್ಲ; ಬದಲಿಸುವುದಕ್ಕೆ ಅಧಿಕಾರ ಬೇಕು. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟಿನ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂಬುದನ್ನು ಆರಿಸಬೇಕು. ಲಿನಕ್ಸಿನಲ್ಲಿ ವಾಕ್ಯದ ಆರಂಭದಲ್ಲಿ ‘ಸುಡೊ’ ಎಂಬ ಪದವನ್ನು ಸೇರಿಸಿ ಗುಪ್ತಪದವನ್ನು ಕೊಡಬೇಕು.

ಮೂರನೆಯದು, ಬದಲಾವಣೆ. ದಾನವಾಗಿ ಬಂದ ಲ್ಯಾಪ್‌ಟಾಪಿಗೆ ಬಹುಮಟ್ಟಿಗೆ ಈ ಎರಡು ವಾಕ್ಯಗಳೇ ಸಾಕು:

ನೆಟ್‌ಶ್ ಇಂಟರ್‌ಫೇಸ್ ಐಪಿ ಸೆಟ್ ಅಡ್ರೆಸ್ "ವೈ-ಫೈ" ಡಿಎಚ್‌ಸಿಪಿ
ನೆಟ್‌ಶ್ ಇಂಟರ್‌ಫೇಸ್ ಐಪಿ ಸೆಟ್ ಡಿಎನ್ಎಸ್ "ವೈ-ಫೈ" ಡಿಎಚ್‌ಸಿಪಿ

ಮೊದಲನೆಯದು ಹಳೆಯ ವಿಳಾಸವನ್ನು ತ್ಯಜಿಸಿ ಜಾಲ ಕೊಡುವ ವಿಳಾಸವನ್ನು ಸ್ವೀಕರಿಸುವಂತೆ ಮಾಡುತ್ತದೆ. ಎರಡನೆಯದು ಹಳೆಯ ನಿಘಂಟನ್ನು ಬಿಡಿಸುತ್ತದೆ. ತಂತಿಯ ಸಂಪರ್ಕವಾದರೆ "ವೈ-ಫೈ" ಇರುವಲ್ಲಿ "ಈಥರ್ನೆಟ್" ಎಂದಾಗುತ್ತದೆ. ಪರದೆಯಲ್ಲಿ ಯಾವ ಹೆಸರು ಕಂಡಿತೋ ಅದನ್ನೇ ಬರೆಯತಕ್ಕದ್ದು.

ನಾಲ್ಕನೆಯದು, ಪರೀಕ್ಷೆ. ‘ಪಿಂಗ್ 192.168.1.1’ ಎಂಬ ಆಜ್ಞೆ ಅಗಸಿಯನ್ನು ಕರೆದು ಉತ್ತರವನ್ನು ಕಾಯುತ್ತದೆ. ಉತ್ತರ ಬಂದರೆ ಓಣಿಯ ದಾರಿ ಸರಿಯಾಗಿದೆ. ಅನಂತರ ಯಾವುದಾದರೂ ಪರಿಚಿತ ಜಾಲತಾಣದ ಹೆಸರನ್ನು ಕೊಟ್ಟು ಕರೆಯಬೇಕು. ಅಗಸಿ ಉತ್ತರಿಸಿ, ಹೆಸರು ಮಾತ್ರ ಸಿಕ್ಕಲಿಲ್ಲವೆಂದು ಯಂತ್ರ ಹೇಳಿದರೆ ದೋಷವು ಬಹುತೇಕ ಡಿ.ಎನ್.ಎಸ್.ನಲ್ಲಿದೆ ಎಂದು ತಿಳಿಯಬಹುದು. ‘ಐಪಿಕಾನ್ಫಿಗ್’ ಕೊಟ್ಟಾಗ ವಿಳಾಸವು 169.254 ಎಂದು ಪ್ರಾರಂಭವಾಗಿದ್ದರೆ, ಯಂತ್ರ ಕೇಳಿದರೂ ವಿಳಾಸ ಹಂಚುವವರು ಉತ್ತರಿಸಲಿಲ್ಲ, ಅದು ತಾನೇ ಒಂದನ್ನು ಕಟ್ಟಿಕೊಂಡಿದೆ ಎಂದರ್ಥ. ಆಗ ರೂಟರನ್ನೂ ತಂತಿಯನ್ನೂ ನೋಡಬೇಕಲ್ಲದೆ ಲ್ಯಾಪ್‌ಟಾಪನ್ನು ದೂರಬಾರದು.

ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೆ ಲಿನಕ್ಸ್ ಅಪರಿಚಿತವಲ್ಲ. 2011ರಲ್ಲಿ ಪ್ರಾರಂಭವಾದ ‘ವಿಷಯ ಶಿಕ್ಷಕರ ವೇದಿಕೆ’ಯ ತರಬೇತಿಗಳಲ್ಲಿ ಉಬುಂಟು ಎಂಬ ಮುಕ್ತ ತಂತ್ರಾಂಶವನ್ನೇ ಬಳಸಲಾಯಿತು. ಅದರಲ್ಲಿ ‘ಐಪಿ ಅಡ್ರೆಸ್ ಶೋ’ ಎಂಬುದು ಇರುವುದನ್ನು ತೋರಿಸುವ ಆಜ್ಞೆ. ಮೇಲೆ ಹೇಳಿದ ‘ಆಡ್’ ಎಂಬ ಆಜ್ಞೆ ಕೊಟ್ಟ ವಿಳಾಸವು ಯಂತ್ರವನ್ನು ಆರಿಸಿ ಹೊತ್ತಿಸಿದೊಡನೆ ಮಾಯವಾಗುತ್ತದೆ. ಪ್ರಯೋಗ ಮಾಡಿ ಕಲಿಯುವವರಿಗೆ ಇದೊಂದು ವರ. ತಪ್ಪಿದರೆ ಯಂತ್ರವನ್ನು ಆರಿಸಿ ಹೊತ್ತಿಸಿದರೆ ಸಾಕು.

7. ವಾಕ್ಯದೋಷ ಮತ್ತು ತಾತ್ಪರ್ಯ

ವಾಕ್ಯದಿಂದ ಅರ್ಥಬೋಧೆಯಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ಯಂತ್ರವು ತಿರಸ್ಕರಿಸುವ ಆಜ್ಞೆಗಳ ದೋಷಗಳನ್ನು ಈ ಮೂರರಲ್ಲಿಯೇ ವಿಂಗಡಿಸಬಹುದು.

ಆಕಾಂಕ್ಷೆಯೆಂದರೆ ಒಂದು ಪದವು ಮತ್ತೊಂದನ್ನು ಅಪೇಕ್ಷಿಸುವುದು. ‘ಬಾವಿಯಿಂದ ನೀರನ್ನು’ ಎಂದು ನಿಲ್ಲಿಸಿದರೆ ಕೇಳುವವರು ಮುಂದೇನು ಎಂದು ಕಾಯುತ್ತಾರೆ. ‘ಸ್ಟ್ಯಾಟಿಕ್’ ಎಂದು ಬರೆದು ಸಂಖ್ಯೆಯನ್ನೇ ಕೊಡದಿದ್ದರೆ ಅದೂ ಹಾಗೆಯೇ. ಯಂತ್ರ ಆಜ್ಞೆಯನ್ನು ನೆರವೇರಿಸದು.

ಯೋಗ್ಯತೆಯೆಂದರೆ ಅರ್ಥಗಳು ಒಂದಕ್ಕೊಂದು ಹೊಂದುವುದು. ‘ಕಲ್ಲನ್ನು ಕುಡಿ’ ಎಂಬುದರಲ್ಲಿ ಪದಗಳಿವೆ, ಯೋಗ್ಯತೆಯಿಲ್ಲ. 192.168.1.256 ಎಂಬ ವಿಳಾಸ ಇಂಥದು. ಎಂಟು ಲಘುಗುರುಗಳಲ್ಲಿ 256 ಹಿಡಿಸದು. 192.168.1ರ ಓಣಿಯಲ್ಲಿರುವ ಯಂತ್ರಕ್ಕೆ 10.20.5.1 ಎಂಬ ಅಗಸಿಯನ್ನು ಹೇಳುವುದೂ ಯೋಗ್ಯತೆಯ ಅಭಾವವೇ.

ಸನ್ನಿಧಿಯೆಂದರೆ ಪದಗಳು ಉಚಿತವಾದ ಸಾಮೀಪ್ಯದಲ್ಲಿರುವುದು. ಇರಬೇಕಾದಲ್ಲಿ ತೆರಪು ಬಿಡದೆ, ಬೇಡವಾದಲ್ಲಿ ಬಿಟ್ಟರೆ ವಾಕ್ಯ ಕೆಡುತ್ತದೆ. "ಈಥರ್ನೆಟ್ 2" ಎಂಬಂತೆ ಹೆಸರಿನ ನಡುವೆಯೇ ತೆರಪಿದ್ದಾಗ ಅದನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವುದು ಇದಕ್ಕಾಗಿಯೇ. ಸಮಾಸದಲ್ಲಿ ಹಲವು ಪದಗಳು ಐಕಪದ್ಯವನ್ನು ಹೊಂದುವಂತೆ, ಚಿಹ್ನೆಗಳೊಳಗಿನದೆಲ್ಲ ಯಂತ್ರಕ್ಕೆ ಒಂದೇ ಪದ.

ಈ ಮೂರು ದೋಷಗಳಿಂದ ಹೆಚ್ಚಿನ ಹಾನಿಯಿಲ್ಲ. ಬಹುಮಟ್ಟಿಗೆ ಯಂತ್ರವೇ ಅವನ್ನು ತೋರಿಸಿಕೊಡುತ್ತದೆ. ತೋರಿಸದಿದ್ದರೂ ಕೆಡುವುದು ಆ ಒಂದು ಯಂತ್ರದ ಸಂಪರ್ಕ ಮಾತ್ರ. ನಿಜವಾದ ಅಪಾಯವಿರುವುದು ನಾಲ್ಕನೆಯದಾದ ತಾತ್ಪರ್ಯದಲ್ಲಿ. ತಾತ್ಪರ್ಯವೆಂದರೆ ಹೇಳುವವನ ಆಶಯ. ಅದು ಯಂತ್ರಕ್ಕೆ ತಿಳಿಯದು. ಒಬ್ಬ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪಿಗೆ 192.168.1.1 ಎಂಬ ಅಗಸಿಯ ವಿಳಾಸವನ್ನೇ ಕೊಟ್ಟನೆಂದು ಭಾವಿಸಬಹುದು. ಆ ವಾಕ್ಯದಲ್ಲಿ ಆಕಾಂಕ್ಷೆಯಿದೆ, ಯೋಗ್ಯತೆಯಿದೆ, ಸನ್ನಿಧಿಯಿದೆ. ವ್ಯಾಕರಣದ ದೃಷ್ಟಿಯಿಂದ ಅದು ನಿರ್ದುಷ್ಟ. ವಿಳಾಸ ಬೇರೆಯವರದೆಂದು ಕೆಲವು ಯಂತ್ರಗಳು ಎಚ್ಚರಿಸಿಯಾವು. ಎಲ್ಲವೂ ತಡೆಯುತ್ತವೆಂಬ ಭರವಸೆಯಿಲ್ಲ. ತಡೆಯದಿದ್ದರೆ ಕೊಠಡಿಯ ಉಳಿದ ಯಂತ್ರಗಳು ರೂಟರಿಗೆ ಕಳುಹಿಸಬೇಕಾದ ಮಾತನ್ನು ಆ ಲ್ಯಾಪ್‌ಟಾಪಿಗೆ ಕಳುಹಿಸತೊಡಗುತ್ತವೆ. ಒಂದು ಸಾಲಿನಿಂದ ಇಡೀ ತರಗತಿಯ ಪಾಠ ನಿಲ್ಲುತ್ತದೆ. ತಪ್ಪು ಮಾಡಿದವನಿಗೂ ಅದು ತನ್ನಿಂದಾಯಿತೆಂದು ತಿಳಿಯದು.

ಆದುದರಿಂದ ಆಜ್ಞೆಯನ್ನು ಕಂಠಪಾಠ ಮಾಡಿಸಿ ಬಿಡುವುದು ಶಿಕ್ಷಣವಲ್ಲ. ಪ್ರತಿಯೊಂದು ಪದದ ಕಾರಕವನ್ನು ತಿಳಿದು, ಈ ವಿಳಾಸ ಇನ್ನೊಬ್ಬರದಲ್ಲವಷ್ಟೆ ಎಂದು ವಿಚಾರಿಸಿ, ಆಮೇಲೆ ಬರೆಯುವುದನ್ನು ಕಲಿಸಬೇಕು. ಕಚೇರಿ, ಬ್ಯಾಂಕು ಮೊದಲಾದ ಪರರ ಜಾಲದಲ್ಲಿ ಅಲ್ಲಿನ ಮೇಲ್ವಿಚಾರಕರ ಅನುಮತಿಯಿಲ್ಲದೆ ಒಂದಂಕೆಯನ್ನೂ ಬದಲಿಸಬಾರದೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು.

8. ಉಪಸಂಹಾರ

ಇಲ್ಲಿ ವಿವೇಚಿಸಿದ ವಿಷಯದಿಂದ ಮೂರು ಕರ್ತವ್ಯಗಳು ಫಲಿಸುತ್ತವೆ. ದಾನಿಗಳು ಲ್ಯಾಪ್‌ಟಾಪನ್ನು ಕೊಡುವ ಮುನ್ನ ಅದರ ವಿಳಾಸವನ್ನು ತಾತ್ಕಾಲಿಕ ಕ್ರಮಕ್ಕೆ ತಿರುಗಿಸಿ, ಅಧಿಕಾರದ ಗುಪ್ತಪದವನ್ನೂ ತಿಳಿಸಿ ಕೊಟ್ಟರೆ ದಾನವು ಪೂರ್ಣವಾಗುತ್ತದೆ. ಗುಪ್ತಪದವಿಲ್ಲದ ಯಂತ್ರವು ಕೀಲಿಯಿಲ್ಲದ ಪೆಟ್ಟಿಗೆಯಂತೆ. ನಗರಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಮಧ್ಯಾಹ್ನವನ್ನು ಶಾಲೆಯ ಗಣಕ ಕೊಠಡಿಯಲ್ಲಿ ಕಳೆದು, ಈ ನಾಲ್ಕಾರು ವಾಕ್ಯಗಳನ್ನು ಶಿಕ್ಷಕರ ಕೈಯಿಂದಲೇ ಬರೆಯಿಸಿದರೆ ಅದೂ ದಾನವೇ.

ಶಿಕ್ಷಕರ ಕರ್ತವ್ಯ ಇನ್ನೂ ಸರಳ. ಗಣಕ ಕೊಠಡಿಯಲ್ಲಿ ಒಂದು ನೂರು ಪುಟದ ನೋಟುಪುಸ್ತಕವನ್ನಿಟ್ಟು, ಅದರಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸ, ಯಾವಾಗ ಬದಲಾಯಿತು, ಯಾರು ಬದಲಿಸಿದರು, ಮೊದಲು ಏನಿತ್ತು ಎಂಬುದನ್ನು ಬರೆದಿಡಬೇಕು. ಹಾಜರಿ ಪುಸ್ತಕವಿಲ್ಲದೆ ತರಗತಿ ನಡೆಯದಂತೆ, ವಿಳಾಸದ ಪುಸ್ತಕವಿಲ್ಲದೆ ಗಣಕ ಕೊಠಡಿ ನಡೆಯದು. ಆ ಪುಸ್ತಕದ ಮೊದಲ ಪುಟದಲ್ಲಿ ಅಗಸಿಯ ವಿಳಾಸವನ್ನು ದೊಡ್ಡಕ್ಷರಗಳಲ್ಲಿ ಬರೆದು, ‘ಇದನ್ನು ಯಾರೂ ತೆಗೆದುಕೊಳ್ಳತಕ್ಕದ್ದಲ್ಲ’ ಎಂದು ಕೆಳಗೆ ಗೆರೆ ಎಳೆಯಬೇಕು. ಮಿಕ್ಕದ್ದನ್ನು ಮಕ್ಕಳು ತಾವೇ ಕಲಿಯುತ್ತಾರೆ.